ಮೂರನೆಯ ಆಯ್ಕೆಯ ಸೀಟು

ಮೊಗುಡಂಪಲ್ಲಿ ಮಂಡಲದ ಒಂದು ಮನೆ. ತಂದೆ ತೊಗರಿ, ಶುಂಠಿ ಬೆಳೆಯುವವರು. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಜಹೀರಾಬಾದಿನಲ್ಲಿ ಬೈ.ಪಿ.ಸಿ. ತೆಗೆದುಕೊಂಡು ಇಂಟರ್‌ಮೀಡಿಯೆಟ್ ಮುಗಿಸಿದವಳು. ಬಿ.ಎಸ್ಸಿ. ಓದಬೇಕು, ಅದೂ ಹೈದರಾಬಾದಿನ ಕೋಠಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿಯೇ ಓದಬೇಕು ಎಂಬುದು ಎರಡು ವರ್ಷಗಳಿಂದ ಅವಳು ಕಟ್ಟಿಕೊಂಡು ಬಂದ ಆಸೆ. ಹಿಂದಿನ ಬ್ರಿಟಿಷ್ ರೆಸಿಡೆನ್ಸಿಯ ಆವರಣದಲ್ಲಿರುವ ಆ ಹಳೆಯ ಮಹಿಳಾ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. 2024ರಲ್ಲಿ ವೀರನಾರಿ ಚಾಕಲಿ ಐಲಮ್ಮನ ಹೆಸರನ್ನು ಪಡೆಯಿತು. ಊರಿನವರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಕೋಠಿ ಕಾಲೇಜು’.

ಪದವಿ ಪ್ರವೇಶದ ಮೊದಲ ಸುತ್ತಿನ ಪಟ್ಟಿ ಬಂದ ಸಂಜೆ ತಂದೆಯ ಮೊಬೈಲಿಗೆ ಸಂದೇಶ ಬಂತು. ಸೀಟು ಹಂಚಿಕೆಯಾಗಿತ್ತು. ಆದರೆ ಅದು ಕೋಠಿಯದಲ್ಲ. ಎರಡನೆಯ ಆಯ್ಕೆಯಾಗಿದ್ದ ಸಂಗಾರೆಡ್ಡಿಯ ತಾರಾ ಸರ್ಕಾರಿ ಕಾಲೇಜಿನದೂ ಅಲ್ಲ. ಮೂರನೆಯದಾಗಿ, ಮಾಸ್ತರರ ಒತ್ತಾಯಕ್ಕೆ ಬರೆದಿದ್ದ ಜಹೀರಾಬಾದಿನ ಸರ್ಕಾರಿ ಪದವಿ ಕಾಲೇಜಿನದು. ಹುಡುಗಿ ಏನೂ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಏಳಲಿಲ್ಲ. ತಂದೆ ಮಾತ್ರ ಒಂದೇ ಮಾತಿನಲ್ಲಿ ತೀರ್ಮಾನ ಹೇಳಿಬಿಟ್ಟರು: “ನಮಗ ಬೇಕಾದ್ದು ಕೊಟ್ಟಿಲ್ಲ ಅಂದ್ರ ಅವರು ಕೊಟ್ಟದ್ದು ನಮಗ ಯಾಕ? ಬಿಟ್ಟುಬಿಡು.”

ಈ ‘ಬಿಟ್ಟುಬಿಡು’ ಎಂಬ ಮಾತಿನಿಂದ ಪ್ರತಿವರ್ಷ ಗಡಿಭಾಗದ ಎಷ್ಟೋ ಮನೆಗಳಲ್ಲಿ ನಷ್ಟವಾಗುತ್ತದೆ. ಸೀಟು ನಿರಾಕರಿಸಲ್ಪಟ್ಟಿದ್ದರಿಂದ ಆಗುವ ನಷ್ಟಕ್ಕಿಂತಲೂ ಇದು ದೊಡ್ಡದು. ಆ ಸಂಜೆ ಕೋಠಿ ಅವಳನ್ನು ಬೇಡವೆಂದಿರಲಿಲ್ಲ. ಆ ಸುತ್ತಿನಲ್ಲಿ ಅವಳ ಸರದಿ ಅಲ್ಲಿಗೆ ತಲುಪಿರಲಿಲ್ಲ, ಅಷ್ಟೆ. ಈ ಸೀಮೆಯ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಪೇಶಿ ಮುಂದಕ್ಕೆ ಬಿದ್ದಿತ್ತು. ಪೇಶಿ ಮುಂದಕ್ಕೆ ಬಿದ್ದ ದಿನವೇ ದಾವೆ ಸೋತಿತೆಂದು ಕಾಗದ ಹರಿದುಹಾಕುವ ಕಕ್ಷಿದಾರನನ್ನು ಯಾವ ವಕೀಲನೂ ಜಾಣನೆನ್ನುವುದಿಲ್ಲ.

‘ದೋಸ್ತ್’ ಎಂಬ ಹೆಸರಿನ ಈ ಆನ್‌ಲೈನ್ ಪದವಿ ಪ್ರವೇಶ ವ್ಯವಸ್ಥೆ ತೆಲಂಗಾಣದಲ್ಲಿ ಆರಂಭವಾದದ್ದು 2016ರಲ್ಲಿ. ಹೆಸರು ಸ್ನೇಹಿತನದು, ಸ್ವಭಾವ ಗಣಕಯಂತ್ರದ್ದು. ಇಂಟರ್‌ಮೀಡಿಯೆಟ್ ಅಂಕಗಳು, ಮೀಸಲಾತಿಯ ವರ್ಗ, ವಿದ್ಯಾರ್ಥಿ ಬರೆದ ಆಯ್ಕೆಗಳ ಕ್ರಮ, ಇವನ್ನಷ್ಟೇ ಅದು ನೋಡುತ್ತದೆ. ಹುಡುಗಿಯ ಕೈಬರಹ ಎಷ್ಟು ಚೆಂದ, ಅವಳು ಎಷ್ಟು ಮೈಲು ನಡೆದು ಶಾಲೆಗೆ ಹೋದಳು, ಕನ್ನಡದಲ್ಲಿ ಕಲಿತ ಜೀವಶಾಸ್ತ್ರವನ್ನು ಇಂಟರ್‌ಮೀಡಿಯೆಟ್ಟಿನಲ್ಲಿ ಇಂಗ್ಲಿಷಿಗೆ ಹೇಗೆ ತಿರುಗಿಸಿಕೊಂಡಳು ಎಂಬುದನ್ನು ಅದು ಬಲ್ಲುದಿಲ್ಲ. ಬಲ್ಲದ ಯಂತ್ರದ ಉತ್ತರವನ್ನು ತನ್ನ ಯೋಗ್ಯತೆಯ ಮೇಲಿನ ಅಭಿಪ್ರಾಯವೆಂದು ಹುಡುಗಿ ಭಾವಿಸಿದ್ದೇ ಆ ರಾತ್ರಿಯ ದುಃಖದ ಮೂಲವಾಗಿತ್ತು.

ಮೊದಲ ಸುತ್ತಿನ ಪಟ್ಟಿ ಹೊರಬಿದ್ದಾಗ ಇನ್ನೊಂದು ಪಟ್ಟಿ ಬಾಕಿ ಇರುತ್ತದೆ. ಬೈ.ಪಿ.ಸಿ. ಓದಿದವರಲ್ಲಿ ಹೆಚ್ಚು ಅಂಕದವರು ಫಾರ್ಮಸಿ, ಕೃಷಿ, ನರ್ಸಿಂಗ್, ವೈದ್ಯಕೀಯ ಎಂದು ಬೇರೆ ಬೇರೆ ಬಾಗಿಲುಗಳ ಮುಂದೆಯೂ ನಿಂತಿರುತ್ತಾರೆ. ಅಲ್ಲಿ ಬಾಗಿಲು ತೆರೆದಾಗ ಇಲ್ಲಿ ಹಿಡಿದ ಸೀಟನ್ನು ಬಿಡುತ್ತಾರೆ. ಅದಕ್ಕಾಗಿಯೇ ಎರಡನೆಯ ಸುತ್ತು, ಮೂರನೆಯ ಸುತ್ತು. ಪಟ್ಟಿ ಎಷ್ಟು ಸರಿಯುತ್ತದೆ ಎಂಬುದು ಮುಂದೆ ನಿಂತವರಲ್ಲಿ ಎಷ್ಟು ಜನ ಎದ್ದು ಹೋಗುತ್ತಾರೆ ಎಂಬುದನ್ನು ಅವಲಂಬಿಸಿದೆ. ಮಿರಗದ ಮಳೆ ಬಾರದಿದ್ದರೆ ಆರಿದ್ರದ ಮಳೆಗೆ ಕಾಯುವ ರೈತ ಹೊಲವನ್ನು ಮಾರುವುದಿಲ್ಲ. ಬೀಜವನ್ನು ಒಣಗಿಸಿ ಇಟ್ಟುಕೊಂಡಿರುತ್ತಾನೆ.

ಕಾಯುವವರು ಒಂದು ಕೆಲಸವನ್ನು ಮಾಡಲೇಬೇಕು. ಹಂಚಿಕೆಯಾದ ಸೀಟಿಗೆ, ಅದು ಎಷ್ಟನೆಯ ಆಯ್ಕೆಯದೇ ಆಗಿರಲಿ, ಕೊಟ್ಟ ದಿನಾಂಕದೊಳಗೆ ಆನ್‌ಲೈನಿನಲ್ಲಿ ‘ಸೆಲ್ಫ್ ರಿಪೋರ್ಟಿಂಗ್’ ಮಾಡಿ ಅದನ್ನು ತಮ್ಮದಾಗಿಸಿಕೊಳ್ಳಬೇಕು. ಮಾಡದಿದ್ದರೆ ಆ ಸೀಟು ಹೋಗುತ್ತದೆ. ಮಾಡಿದರೆ ಮುಂದಿನ ಸುತ್ತಿನಲ್ಲಿ ಮತ್ತೆ ಆಯ್ಕೆಗಳನ್ನು ಬರೆಯುವ ಹಕ್ಕೂ ಉಳಿಯುತ್ತದೆ, ಕೈಯಲ್ಲಿರುವುದೂ ಉಳಿಯುತ್ತದೆ.

ತಂದೆಗೆ ಹಿಡಿಸದೆ ಹೋದದ್ದು ಇದೇ. “ಒಪ್ಪಿಕೊಂಡರೆ ಒಪ್ಪಿಕೊಂಡಂಗೇ ಆತಲ್ಲ” ಎಂಬುದು ಅವರ ವಾದ. ವಾದದಲ್ಲಿ ಸ್ವಾಭಿಮಾನವಿದೆ, ಆದರೆ ಕಾನೂನು ಇಲ್ಲ. ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆ ಭೂಮಿ ಕೊಟ್ಟ ನೆಂಟರಿರುವ ಮನೆಗಳಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಭೂಸ್ವಾಧೀನದ ಪರಿಹಾರ ಕಡಿಮೆಯೆನಿಸಿದ ರೈತ ಹಣವನ್ನು ಹಿಂದಿರುಗಿಸಬೇಕಾಗಿಲ್ಲ. 1894ರ ಹಳೆಯ ಕಾಯ್ದೆಯಲ್ಲಿಯೂ, 2013ರ ಹೊಸ ಕಾಯ್ದೆಯಲ್ಲಿಯೂ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ಹಣ ಪಡೆದು, ಹೆಚ್ಚಿನ ಮೊತ್ತಕ್ಕಾಗಿ ಮುಂದೆ ಹೋರಾಡಲು ಅವಕಾಶವಿದೆ. ಸ್ವೀಕಾರ ಬೇರೆ, ಸಮ್ಮತಿ ಬೇರೆ. ಹುಡುಗಿಯ ಶಾಲೆಯ ಮುಖ್ಯೋಪಾಧ್ಯಾಯರು ಮರುದಿನ ಮನೆಗೆ ಬಂದು ಹೇಳಿದ್ದೂ ಸರಿಸುಮಾರು ಇದನ್ನೇ: “ಜಹೀರಾಬಾದ್ ಹಿಡಕೊಳ್ಳ್ರಿ, ಕೋಠಿ ಕೇಳ್ತಾ ಇರ್ರಿ. ಎರಡೂ ಒಮ್ಮೆಲೇ ಮಾಡಬಹುದು.”

ಎರಡನೆಯ ಸುತ್ತಿನಲ್ಲಿ ಹಲವರು ಎಡವುವ ಜಾಗ ಒಂದಿದೆ. ಹೊಸದಾಗಿ ಆಯ್ಕೆಗಳನ್ನು ಬರೆಯುವಾಗ, ಕೈಯಲ್ಲಿರುವ ಸೀಟಿಗಿಂತ ನಿಜವಾಗಿ ಮೇಲೆನಿಸುವ ಕಾಲೇಜುಗಳನ್ನು ಮಾತ್ರ ಬರೆಯಬೇಕು. ಪಟ್ಟಿ ಉದ್ದವಾಗಲಿ ಎಂದು ಅಂಗಡಿಯವನು ಇನ್ನೆರಡು ಹೆಸರುಗಳನ್ನು ತುರುಕಿದರೆ, ಆ ಎರಡರಲ್ಲಿ ಒಂದು ಸಿಕ್ಕಿಬಿಟ್ಟರೆ, ಹಳೆಯ ಸೀಟು ತಾನಾಗಿ ಮುರಿದು ಇನ್ನೊಬ್ಬರ ಪಾಲಾಗುತ್ತದೆ. ಮೊದಲ ಸುತ್ತಿನ ಬುದ್ಧಿ ಇದಕ್ಕೆ ತಿರುವುಮುರುವು: ಅಲ್ಲಿ ಒಂದೇ ಕಾಲೇಜಿನ ಹೆಸರು ಬರೆದು ಕೂತವರಿಗೆ ಏನೂ ಸಿಗದೆ ಹೋಗುವ ಅಪಾಯವಿರುತ್ತದೆ. ಮಾಸ್ತರರು ಮೂರನೆಯ ಹೆಸರನ್ನು ಬರೆಸದೆ ಇದ್ದಿದ್ದರೆ ಈ ಹುಡುಗಿಯ ಕೈ ಆ ಸಂಜೆ ಬರಿದಾಗಿರುತ್ತಿತ್ತು.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುವ ಕನ್ನಡ ಕುಟುಂಬಗಳಿಗೂ ಇಂತಹುದೇ ಒಂದು ತೊಳಲಾಟವುಂಟು. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ತನಗೆ ಅತಿಪ್ರಿಯವಾದ ಒಂದೇ ಒಂದು ಕಾಲೇಜಿಗೆ ನವೆಂಬರಿನಲ್ಲೇ ಅರ್ಜಿ ಹಾಕಿ, ಸಿಕ್ಕರೆ ಅಲ್ಲಿಗೇ ಸೇರುವೆನೆಂದು ಮಾತು ಕೊಡಬಹುದು. ಡಿಸೆಂಬರಿನಲ್ಲಿ ಬರುವ ಉತ್ತರ ಮೂರು ಬಗೆಯದು: ಬಾ, ಬೇಡ, ಇಲ್ಲವೇ ‘ಈಗ ಹೇಳಲಾರೆವು, ಉಳಿದವರೊಂದಿಗೆ ವಸಂತದಲ್ಲಿ ಮತ್ತೆ ನೋಡುತ್ತೇವೆ’. ಈ ಮೂರನೆಯ ಉತ್ತರ ಬಂದವನು ಕೊಟ್ಟ ಮಾತಿನಿಂದ ಬಿಡುಗಡೆ ಹೊಂದುತ್ತಾನೆ. ಬೇರೆ ಕಾಲೇಜುಗಳಿಗೆ ಅರ್ಜಿ ಹಾಕುತ್ತಾನೆ. ಮೊದಲಿನ ಕಾಲೇಜಿಗೆ ತನ್ನ ಹೊಸ ಅಂಕಗಳನ್ನು ತಿಳಿಸಿ ಒಂದು ಕಾಗದ ಬರೆಯುತ್ತಾನೆ. ಅಲ್ಲಿ ಕಾಗದವನ್ನು ಓದುವ ಮನುಷ್ಯನಿರುತ್ತಾನೆ. ಇಲ್ಲಿ ಹಾಗಿಲ್ಲ. ಕೋಠಿಯ ಪ್ರಾಂಶುಪಾಲರ ಕೊಠಡಿಯ ಮುಂದೆ ನಿಂತು ಬೇಡಿಕೊಂಡರೂ, ಶಾಸಕರ ಪತ್ರ ತಂದರೂ ಪಟ್ಟಿಯ ಕ್ರಮ ಕದಲುವುದಿಲ್ಲ. ಇದು ಕಠೋರವೆನಿಸಬಹುದು; ಆದರೆ ಶಿಫಾರಸು ಇಲ್ಲದ ಮನೆಯ ಮಕ್ಕಳಿಗೆ ಇದರಲ್ಲಿಯೇ ರಕ್ಷಣೆಯಿದೆ.

ಇಲ್ಲಿ ಕುಟುಂಬದ ಕೈಯಲ್ಲಿರುವುದು ಕಾಗದಪತ್ರ. ಕನ್ನಡ ಮನೆಗಳಿಗೆ ಇದರಲ್ಲಿ ವಿಶೇಷವಾದ ಒಂದು ಕಂಟಕವಿದೆ. ತೆಲುಗು ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ; ಕನ್ನಡ ಮನೆಗಳಲ್ಲಿ ಅದು ಕೊನೆಗೆ ಬರುತ್ತದೆ, ಅಥವಾ ಬರುವುದೇ ಇಲ್ಲ. ಶಾಲೆಯ ದಾಖಲೆ ಕನ್ನಡದ ಉಚ್ಚಾರದಿಂದ ಇಂಗ್ಲಿಷಿಗೆ ಹೋದದ್ದು, ಆಧಾರ್ ತೆಲುಗಿನ ಮೂಲಕ ಹೋದದ್ದು. ಹೀಗೆ ತಂದೆಯ ಹೆಸರು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಒಂದು ಬಗೆ, ಜಾತಿ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆ. ಶುಲ್ಕ ಮರುಪಾವತಿಯ ಅರ್ಜಿ ಹಾಕುವ ಹೊತ್ತಿಗೆ ಈ ಎರಡು ಹೆಸರುಗಳು ಎರಡು ಮನುಷ್ಯರಾಗಿಬಿಡುತ್ತವೆ. ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ನಡುವೆ ಸಿಗುವ ಆ ಕೆಲವು ದಿನಗಳನ್ನು ಅಳುವುದಕ್ಕೆ ಪೂರ್ತಿ ಕೊಡದೆ, ಮೀ-ಸೇವಾ ಕೇಂದ್ರಕ್ಕೆ ಹೋಗಿ ಆದಾಯ ಪ್ರಮಾಣಪತ್ರವನ್ನು ಹೊಸದಾಗಿ ಪಡೆದು, ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡರೆ ಅರ್ಧ ಕೆಲಸ ಆದಂತೆಯೇ.

ಈ ಮನೆಯಲ್ಲಿ ಆ ದಿನಗಳಲ್ಲಿಯೇ ಬೀದರಿನಿಂದ ಸೋದರಮಾವ ಬಂದರು. “ಬೀದರ್ ಏನು ದೂರ? ನಾಳೆನೇ ಅಡ್ಮಿಶನ್ ಮಾಡಿಸ್ತೀನಿ. ನಮ್ಮ ಭಾಷಾ, ನಮ್ಮ ಊರು.” ಮಾತಿನಲ್ಲಿ ಪ್ರೀತಿಯಿತ್ತು, ಸುಳ್ಳೂ ಇರಲಿಲ್ಲ. ಜಹೀರಾಬಾದಿನಿಂದ ಬೀದರಿಗೆ ಸುಮಾರು 30 ಕಿಲೋಮೀಟರು. ಹೈದರಾಬಾದಿಗೆ ನೂರಕ್ಕೂ ಹೆಚ್ಚು. 1956ರ ಅಕ್ಟೋಬರ್ 31ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿಯೇ ಇದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಬೀದರಿನ ಕಾಲೇಜಿಗೆ ಹೋಗಿ ಓದಿ ಬಾಳು ಹಸನಾದವರು ಈ ಮಂಡಲಗಳಲ್ಲಿ ಬೇಕಾದಷ್ಟಿದ್ದಾರೆ. ಬೀದರಿಗೆ ಹೋಗುವುದು ತಪ್ಪಲ್ಲ. ಸಿಟ್ಟಿನಲ್ಲಿ, ಎರಡನೆಯ ಪಟ್ಟಿಯನ್ನು ನೋಡದೆ, ಮೂಲ ದಾಖಲೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುವುದು ತಪ್ಪು.

ಟಿ.ಸಿ. ಒಂದೇ ಇರುತ್ತದೆ. ಅದು ಒಂದು ಕಾಲೇಜಿನ ಕಪಾಟಿಗೆ ಸೇರಿದ ಮೇಲೆ ಇನ್ನೊಂದು ಕಾಲೇಜು ಕರೆದರೆ ಓಡಾಟ ಶುರುವಾಗುತ್ತದೆ. ಇಲ್ಲಿ ಪೋಷಕರು ತಿಳಿದಿರಬೇಕಾದ ವಿಷಯವೊಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಪ್ರಕಟಣೆಯಂತೆ ಕಾಲೇಜುಗಳು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು. ಪ್ರವೇಶದ ಅಧಿಕೃತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಶುಲ್ಕದ ಪೂರ್ಣ ಭಾಗ, ಅದರ ನಂತರ ಕೊನೆಯ ದಿನಾಂಕದೊಳಗೆ ಬಿಟ್ಟರೆ ಶೇಕಡಾ 90, ಕೊನೆಯ ದಿನಾಂಕ ಕಳೆದು 15 ದಿನದೊಳಗೆ 80, ಮತ್ತೆ 15 ದಿನದೊಳಗೆ 50, ಅಲ್ಲಿಂದಾಚೆಗೆ ಏನೂ ಇಲ್ಲ ಎಂದು ಅದು ನಿಗದಿ ಮಾಡಿತು. ನಿಯಮ ಇದ್ದಲ್ಲಿ ಹಕ್ಕು ಇದೆ. ಆದರೆ ಹಕ್ಕನ್ನು ಕೇಳಿ ಪಡೆಯಲು ಹಿಡಿಯುವ ಕಾಲ ಸೆಲ್ಫ್ ರಿಪೋರ್ಟಿಂಗಿನ ಕೊನೆಯ ದಿನಕ್ಕಾಗಿ ಕಾಯುವುದಿಲ್ಲ.

ಗಡಿ ದಾಟುವವರನ್ನು ಕಾಡುವ ಇನ್ನೊಂದು ಪ್ರಶ್ನೆ ‘ಲೋಕಲ್’ ಎಂಬುದು. ಇದರಲ್ಲಿ ಎರಡು ಅಳತೆಗಳನ್ನು ಜನ ಒಂದಾಗಿಸಿಕೊಂಡು ಹೆದರುತ್ತಾರೆ. ಸಂವಿಧಾನದ 371ಡಿ ಅನುಚ್ಛೇದದಡಿ 1974ರಲ್ಲಿ ಬಂದ ಪ್ರವೇಶಗಳ ಆದೇಶದಲ್ಲಿ ಮುಖ್ಯ ಅಳತೆ, ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವ ಸತತ ನಾಲ್ಕು ವರ್ಷಗಳ ವ್ಯಾಸಂಗ. ಆದ್ದರಿಂದ ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ.ಗೆ ಬೀದರಿಗೆ ಹೋದ ಮಗು ಮುಂದೆ ತೆಲಂಗಾಣದ ಇಂಜಿನಿಯರಿಂಗ್, ವೈದ್ಯಕೀಯ ಪ್ರವೇಶಕ್ಕೆ ಬಂದಾಗ ತೊಡಕಿಗೆ ಸಿಲುಕುತ್ತದೆ. ಪದವಿಯನ್ನು ಅಲ್ಲಿ ಮಾಡಿ ಬಿ.ಇಡಿ.ಗೆ ಇಲ್ಲಿಗೆ ಬಂದರೂ ಅದೇ ಪ್ರಶ್ನೆ ಏಳುತ್ತದೆ. ಸರ್ಕಾರಿ ಉದ್ಯೋಗದ ಅಳತೆ ಬೇರೆ. 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಅಲ್ಲಿ ನೋಡುವುದು 1ರಿಂದ 7ನೆಯ ತರಗತಿಯವರೆಗಿನ ಓದನ್ನು. ಮೊಗುಡಂಪಲ್ಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹುಡುಗಿ ಬೀದರಿನಲ್ಲಿ ಪದವಿ ಪಡೆದರೂ ಉದ್ಯೋಗಕ್ಕೆ ಇಲ್ಲಿನ ಸ್ಥಳೀಯಳೇ. ಮಾವ ಹೇಳಿದ್ದೂ ಪೂರ್ತಿ ಸರಿಯಲ್ಲ, ನೆರೆಮನೆಯವರು ಹೆದರಿಸಿದ್ದೂ ಪೂರ್ತಿ ನಿಜವಲ್ಲ.

ಇಂಜಿನಿಯರಿಂಗ್, ಕೃಷಿ ಮುಂತಾದವುಗಳಿಗೆ ಕರ್ನಾಟಕದ ಸಿ.ಇ.ಟಿ. ಬರೆಯುವ ಮಕ್ಕಳೂ ಈ ಭಾಗದಲ್ಲಿದ್ದಾರೆ. ಅಲ್ಲಿನ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ‘ಗಡಿನಾಡು’ ಎಂದರೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಬೀದರಿನ ಮಗ್ಗುಲಲ್ಲಿರುವ ಜಹೀರಾಬಾದಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಇಲ್ಲಿನವರು ‘ಹೊರನಾಡು ಕನ್ನಡಿಗ’ರಾಗಿಯೇ ಅರ್ಜಿ ಹಾಕಬೇಕು. ನಾಲ್ಕನೆಯ ತರಗತಿಯ ಮಟ್ಟದ, 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ 12 ಅಂಕ ಪಡೆಯಬೇಕು. ಹತ್ತು ವರ್ಷ ಕನ್ನಡದಲ್ಲಿಯೇ ಓದಿದ ಮಕ್ಕಳಿಗೆ ಇದು ಪರೀಕ್ಷೆಯೇ ಅಲ್ಲ, ಆದರೆ ಆ ದಿನ ಹಾಜರಾಗಲು ಮರೆತವರಿಗೆ ಅರ್ಹತೆಯೇ ಇಲ್ಲ. ಅಲ್ಲಿ ಸೀಟು ಹಂಚಿಕೆಯಾದ ಮೇಲೆ ನಾಲ್ಕು ‘ಚಾಯ್ಸ್’ಗಳನ್ನು ಮುಂದಿಡುತ್ತಾರೆ. ಒಂದನೆಯದು, ತೃಪ್ತಿಯಾಗಿದೆ, ಸೇರುತ್ತೇನೆ. ಎರಡನೆಯದು, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನದನ್ನು ಕೇಳುತ್ತೇನೆ. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತೇನೆ. ನಾಲ್ಕನೆಯದು, ಏನೂ ಬೇಡ. ಎರಡಕ್ಕೂ ಮೂರಕ್ಕೂ ನಡುವಿನ ಅಂತರ ಬೆರಳಿನ ಒಂದು ಒತ್ತು, ಪರಿಣಾಮ ಒಂದು ವರ್ಷ. ಶುಲ್ಕ ಯಾವಾಗ ಕಟ್ಟಬೇಕೆಂಬ ನಿಯಮ ಆಗಾಗ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಓದಬೇಕು, ಹೋದ ವರ್ಷ ಸೀಟು ಪಡೆದ ಹುಡುಗನ ನೆನಪನ್ನಲ್ಲ.

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಹುಡುಗಿಯ ಮನಸ್ಸನ್ನು ನೋಡಿದವಳು ತಾಯಿ. ಬಸ್ ನಿಲ್ದಾಣದಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಾವಿಯ ಬಳಿ ಒಂದೇ ಪ್ರಶ್ನೆ: “ಏನವ್ವಾ, ಸೀಟ್ ಎಲ್ಲಿ ಬಂತು?” ಮೊದಲೆರಡು ದಿನ ಹುಡುಗಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದಳು. ತಾಯಿ ಅವಳಿಗೆ ಬುದ್ಧಿ ಹೇಳಲಿಲ್ಲ, ಇದಕ್ಕಿಂತ ಕಷ್ಟ ತಾವು ಕಂಡಿದ್ದೇವೆ ಎಂದೂ ಹೇಳಲಿಲ್ಲ. “ಜಹೀರಾಬಾದ್ ಬಂದದ, ಇನ್ನೊಂದ್ ಪಟ್ಟಿ ಬರೋದದ ಅನ್ನು, ಸಾಕು” ಎಂದು ಉತ್ತರವನ್ನು ಕಟ್ಟಿಕೊಟ್ಟಳು. ಆಡಲು ಒಂದು ನಿಜವಾದ ವಾಕ್ಯ ಸಿಕ್ಕ ಮೇಲೆ ಹುಡುಗಿ ಅಂಗಡಿಗೆ ಹೋದಳು.

ಎಲ್ಲ ಮನೆಗಳಲ್ಲಿಯೂ ಹೀಗೆ ಆಗುವುದಿಲ್ಲ. ಅನ್ನ ಬಿಟ್ಟು, ನಿದ್ರೆ ಬಿಟ್ಟು, ಬದುಕೇ ಬೇಡವೆಂಬ ಮಾತನ್ನು ಮಗು ಒಮ್ಮೆ ಆಡಿದರೂ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬಾರದು. ಮಗುವನ್ನು ಒಂಟಿಯಾಗಿ ಬಿಡಬಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸುವುದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಾಗಿಲ್ಲ.

ಕೊನೆಯ ದಿನದ ಮಧ್ಯಾಹ್ನ ತಂದೆ ಮಗಳನ್ನು ಕರೆದುಕೊಂಡು ಹೋಗಿ ಜಹೀರಾಬಾದಿನ ಸೀಟಿಗೆ ಸೆಲ್ಫ್ ರಿಪೋರ್ಟಿಂಗ್ ಮಾಡಿಸಿದರು. ಎರಡನೆಯ ಸುತ್ತಿಗೆ ಎರಡೇ ಹೆಸರುಗಳು: ಕೋಠಿ, ಸಂಗಾರೆಡ್ಡಿ. ಪಟ್ಟಿ ಬಂದಾಗ ಸಂಗಾರೆಡ್ಡಿ ಸಿಕ್ಕಿತ್ತು.

ಇಲ್ಲಿಂದ ಮನೆಯ ವಾದ ಅದಲುಬದಲಾಯಿತು. ಮೊದಲು ಎಲ್ಲವನ್ನೂ ಬಿಡು ಎಂದಿದ್ದ ತಂದೆ ಈಗ ಮೂರನೆಯ ಸುತ್ತಿನಲ್ಲಿಯೂ ಕೋಠಿಯನ್ನು ಕೇಳಲೇಬೇಕೆಂದು ಹಟ ಹಿಡಿದರು. ಸರಿದ ಪಟ್ಟಿ ಇನ್ನೂ ಸರಿದೀತೆಂಬ ಆಸೆ. ಹುಡುಗಿ ಒಂದು ಹಾಳೆಯ ಮೇಲೆ ಬರೆದು ತೋರಿಸಿದಳು. ಕೋಠಿ ಸಿಕ್ಕರೆ ಹಾಸ್ಟೆಲು ಸಿಗುವ ಖಾತ್ರಿಯಿಲ್ಲ, ಹೊರಗೆ ಕೋಣೆಯ ಬಾಡಿಗೆ ಇಷ್ಟು, ಊಟ ಇಷ್ಟು. ಸಂಗಾರೆಡ್ಡಿಯಾದರೆ ಮನೆಯಿಂದಲೇ ಹೋಗಿಬರಬಹುದು. 2023ರ ಡಿಸೆಂಬರಿನಿಂದ ತೆಲಂಗಾಣದ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಬೀದರಿನ ಲೆಕ್ಕವನ್ನೂ ಬರೆದಿದ್ದಳು: ಇಲ್ಲಿನ ಉಚಿತ ಪ್ರಯಾಣ ಗಡಿಯವರೆಗೆ ಮಾತ್ರ, ಅಲ್ಲಿಂದಾಚೆಗೆ ಕರ್ನಾಟಕದ ಶಕ್ತಿ ಯೋಜನೆ ತೆಲಂಗಾಣದ ಆಧಾರಿಗೆ ಅನ್ವಯಿಸುವುದಿಲ್ಲ. ತಂದೆ ಹಾಳೆಯನ್ನು ಎರಡು ಬಾರಿ ಓದಿದರು. ಮೂರನೆಯ ಸುತ್ತಿಗೆ ಹುಡುಗಿ ಆಯ್ಕೆಗಳನ್ನು ಬರೆಯಲಿಲ್ಲ.

ಕಾಲೇಜು ಶುರುವಾದ ಬೆಳಿಗ್ಗೆ ತಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಳು. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ಕಿಟಕಿಯ ಬಳಿ ಕುಳಿತ ಹುಡುಗಿಯನ್ನು ಕಂಡಕ್ಟರ್ ತೆಲುಗಿನಲ್ಲಿ ಎಲ್ಲಿಗೆ ಎಂದು ಕೇಳಿದ. ಸಂಗಾರೆಡ್ಡಿ ಎಂದು ಆಧಾರ್ ತೋರಿಸಿ, ಶೂನ್ಯ ಟಿಕೆಟ್ಟನ್ನು ಮಡಿಸಿ, ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಇಟ್ಟುಕೊಂಡಳು.